ಮಗಳ ಇನ್ಸುಲಿನ್ ಮತ್ತು ನಮ್ಮನೆ ಮುದ್ದೆ

ಮಗಳಿಗೆ ಟೈಪ್ ಒನ್ ಡಯಾಬಿಟಿಸ್ ಅಂತ ಗೊತ್ತಾದ ಮೇಲೆ ಮನೆಗೆ ಬಂದವರೆಲ್ಲ ಕೇಳಿದ್ದು ಒಂದೇ, "ಸಿಹಿ ಜಾಸ್ತಿ ಕೊಡ್ತಿದ್ರಾ?" ಸಿಹಿ ತಿಂದು ಬರುವ ಕಾಯಿಲೆ ಅಲ್ಲ ಇದು. ದೇಹದ ರೋಗನಿರೋಧಕ ಶಕ್ತಿಯೇ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ಹಾಳು ಮಾಡಿಬಿಡುತ್ತದೆ. ಪಥ್ಯವಾಗಲಿ ಹಾಗಲಕಾಯಿ ರಸವಾಗಲಿ ಇನ್ಸುಲಿನ್ ಜಾಗಕ್ಕೆ ಬರೋದಿಲ್ಲ. ಇಷ್ಟು ಹೇಳಿ ಕಾಫಿ ಕೊಡುತ್ತೇನೆ, ವಾದ ಮಾಡಲ್ಲ.

ನನಗೆ ನಿಜವಾಗಿ ತಲೆನೋವು ತಂದಿದ್ದು ಮುದ್ದೆ. ಡಾಕ್ಟರ್ ಅವಳಿಗೆ ಊಟದಲ್ಲಿರುವ 15 ಗ್ರಾಂ ಕಾರ್ಬ್‌ಗೆ (ಕಾರ್ಬೋಹೈಡ್ರೇಟ್, ಅಂದರೆ ಹೊಟ್ಟೆಗೆ ಹೋಗಿ ಸಕ್ಕರೆಯಾಗುವ ಭಾಗ) ಒಂದು ಯೂನಿಟ್ ಇನ್ಸುಲಿನ್ ಅಂತ ಲೆಕ್ಕ ಕೊಟ್ಟಿದ್ದರು. (ಈ ಲೆಕ್ಕ ಒಂದೊಂದು ಮಗುವಿಗೆ ಒಂದೊಂದು ಥರ, ನಮ್ಮದನ್ನು ನೋಡಿ ಹಾಕಬೇಡಿ.) ಬಿಸ್ಕತ್ತಿನ ಪ್ಯಾಕೆಟ್ ಮೇಲೆ ಕಾರ್ಬ್ ಎಷ್ಟು ಅಂತ ಬರೆದಿರುತ್ತೆ. ಮುದ್ದೆ ಮೇಲೆ ಯಾರು ಬರೀತಾರೆ? "ರಾಗಿ ಅಲ್ವಾ, ಶುಗರ್‌ಗೆ ಒಳ್ಳೇದು" ಅಂದರು ಅತ್ತೆ. ಒಳ್ಳೇದೇ, ಆದರೆ ರಾಗಿಯಲ್ಲೂ ಮೂರರಲ್ಲಿ ಎರಡು ಪಾಲಿನ ಹತ್ತಿರ ಪಿಷ್ಟವೇ. ಇನ್ಸುಲಿನ್ ಬೇಕೇ ಬೇಕು.

ಅಡುಗೆ ತಕ್ಕಡಿ ತಂದೆ. 200 ಗ್ರಾಂ ಹಿಟ್ಟು ತೂಗಿ ಹಾಕಿದರೆ ಅದರಲ್ಲಿ ಕಾರ್ಬ್ ಸುಮಾರು 135 ಗ್ರಾಂ. ತಿರುವಿ ಇಳಿಸಿದ ಮೇಲೆ ಎಲ್ಲ ಮುದ್ದೆ ಸೇರಿಸಿ ತೂಗಿದೆ, 600 ಗ್ರಾಂ ಬಂತು. ಅಂದರೆ 200 ಗ್ರಾಂ ತೂಕದ ಒಂದು ಮುದ್ದೆಗೆ 45 ಗ್ರಾಂ ಕಾರ್ಬ್, ಅವಳಿಗೆ ಮೂರು ಯೂನಿಟ್. ನೀರು ಜಾಸ್ತಿಯಾದ ದಿನ ಮುದ್ದೆ ಮೆತ್ತಗಾಗಿ ಲೆಕ್ಕ ಬದಲಾಗುತ್ತೆ, ಅದಕ್ಕೇ ನೀರನ್ನೂ ಅಳೆದೇ ಇಡುತ್ತೇನೆ. ಸೊಪ್ಪಿನ ಸಾರಿಗೆ ತಲೆಕೆಡಿಸಿಕೊಳ್ಳಲ್ಲ. ಕಾಳಿನ ಸಾರಾದರೆ ಕಾಳನ್ನೂ ಎಣಿಕೆಗೆ ಸೇರಿಸುತ್ತೇವೆ.

ಈಗ ತೂಗೋದು ಅವಳೇ. ಇನ್ಸುಲಿನ್ ಚುಚ್ಚುವ ಪೆನ್ನಿನಲ್ಲಿ ಡೋಸ್ ತಿರುಗಿಸೋದೂ ಅವಳೇ, ನಾನು ಪಕ್ಕದಲ್ಲಿ ನಿಂತು ನೋಡುತ್ತೇನೆ. ನಿನ್ನೆ ಎಡಗಡೆ ಹೊಟ್ಟೆ, ಇವತ್ತು ಬಲಗಡೆ ತೊಡೆ. ಒಂದೇ ಕಡೆ ಚುಚ್ಚಿದರೆ ಗಂಟು ಕಟ್ಟಿ ಔಷಧಿ ಸರಿಯಾಗಿ ಹತ್ತಲ್ಲ.

ಸ್ಕೂಲ್ ಬ್ಯಾಗಿನ ಮುಂದಿನ ಜೇಬಲ್ಲಿ ಶುಗರ್ ನೋಡುವ ಮೀಟರ್, ಗ್ಲೂಕೋಸ್ ಪುಡಿ. ಶುಗರ್ 70ಕ್ಕಿಂತ ಇಳಿದರೆ ಮೂರು ಟೀ ಚಮಚ ಪುಡಿ ನೀರಲ್ಲಿ ಕಲಸಿ ಕುಡಿಯೋದು, 15 ನಿಮಿಷ ಬಿಟ್ಟು ಮತ್ತೆ ಚೆಕ್ ಮಾಡೋದು. ಚಾಕೊಲೇಟ್ ಬೇಡ ಅಂತ ಟೀಚರ್‌ಗೂ ಹೇಳಿದ್ದೇನೆ, ಅದರ ಕೊಬ್ಬಿನಿಂದ ಶುಗರ್ ನಿಧಾನಕ್ಕೆ ಏರುತ್ತೆ. ಪಿ.ಟಿ. ಇದ್ದ ದಿನ ಆಟಕ್ಕೆ ಮುಂಚೆ ಒಂದು ಬಾಳೆಹಣ್ಣು.

ಜ್ವರ ಬಂದು ಊಟ ಬಿಟ್ಟಳು ಅಂತ ರಾತ್ರಿಯ ಇನ್ಸುಲಿನ್ (ಊಟದ ಲೆಕ್ಕದ್ದಲ್ಲ, ನಿಧಾನಕ್ಕೆ ದಿನವಿಡೀ ಕೆಲಸ ಮಾಡೋದು) ಮಾತ್ರ ನಿಲ್ಲಿಸಲ್ಲ. ಆಗ ಕೀಟೋನ್ (ಇನ್ಸುಲಿನ್ ಸಾಲದೆ ದೇಹ ಕೊಬ್ಬು ಕರಗಿಸಿದಾಗ ಸೇರುವ ಆಮ್ಲ) ಇದೆಯಾ ಅಂತ ಪಟ್ಟಿಯಲ್ಲಿ ಮೂತ್ರ ನೋಡಿಕೊಂಡು ಡಾಕ್ಟರಿಗೆ ಫೋನ್ ಮಾಡುತ್ತೇನೆ, ಸರಿರಾತ್ರಿಯಾದರೂ ಸರಿ.