ಅಲ್ಜೈಮರ್ ಇರುವ ಹೆಂಡತಿಯ ಜೊತೆ ನಾನು ಮಾತಾಡುವ ಬಗೆ

ಮರೆವಿನ ಕಾಯಿಲೆ ಅಲ್ಜೈಮರ್ ಮೊದಮೊದಲು ಕೆಡಿಸುವುದು ಮಿದುಳಿನ ಹಿಪ್ಪೊಕ್ಯಾಂಪಸ್ ಭಾಗವನ್ನು. ಹೊಸ ವಿಷಯ ಮನಸ್ಸಿಗೆ ದಾಖಲಾಗಲು ಅದು ಬೇಕೇ ಬೇಕು. ಹಾಗಾಗಿ ನನ್ನ ಹೆಂಡತಿಗೆ ಬೆಳಗಿನ ತಿಂಡಿ ನೆನಪಿರುವುದಿಲ್ಲ, ಕಾಫಿ ತೋಟದ ಆಳುಗಳಿಗೆ ಕೂಲಿ ಹಂಚುವ ಬಟವಾಡೆ ನೆನಪಿದೆ. "ಆಗಲೇ ಹೇಳಿದ್ನಲ್ಲ" ಅನ್ನುವುದನ್ನು ನಾನು ಪೂರ್ತಿ ಬಿಟ್ಟಿದ್ದೇನೆ. ಹೇಳಿದ್ದು ಉಳಿದಿರುವುದಿಲ್ಲ, ಗದರಿಸಿಕೊಂಡ ಬೇಜಾರು ಮಾತ್ರ ಉಳಿಯುತ್ತದೆ.

ಹಿಂದಿನಿಂದ ಕರೆಯುವುದಿಲ್ಲ. ಟಿವಿ ಆರಿಸಿ, ಎದುರಿಗೆ ಕೂತು, ಹೆಸರು ಹಿಡಿದು ಕರೆದು, ಅವಳು ನನ್ನತ್ತ ನೋಡಿದ ಮೇಲೆ ಮಾತು. ಒಂದು ಸಲಕ್ಕೆ ಒಂದೇ ವಿಷಯ. ಆಮೇಲೆ ಮನಸ್ಸಲ್ಲೇ ನಿಧಾನಕ್ಕೆ ಹತ್ತು ಎಣಿಸುತ್ತೇನೆ. ಉತ್ತರ ಬರದಿದ್ದರೆ ಅದೇ ಮಾತನ್ನು ಅದೇ ಪದಗಳಲ್ಲಿ ಹೇಳಬೇಕು. ಪದ ಬದಲಿಸಿದರೆ ಅವಳಿಗೆ ಅದು ಹೊಸ ಪ್ರಶ್ನೆ, ಮತ್ತೆ ಮೊದಲಿಂದ ಯೋಚಿಸಬೇಕು.

ಸ್ನಾನದ ಹೊತ್ತಿನಲ್ಲೇ ಜಗಳ ಹೆಚ್ಚು. "ಸ್ನಾನ ಮಾಡ್ತೀಯಾ?" ಅಂದರೆ "ಆಗ್ಲೇ ಆಯ್ತು" ಅಂತಾಳೆ. ಆದ್ದರಿಂದ ಕೇಳುವುದೇ ಇಲ್ಲ. ಹಂಡೆ ಕಾಯಿಸಿ, ಬಕೆಟ್ಟಿಗೆ ನೀರು ಬೆರೆಸಿ, ಬಚ್ಚಲಲ್ಲಿ ಸ್ಟೂಲ್ ಇಟ್ಟು, ಟವೆಲ್ಲನ್ನು ಅವಳ ಕೈಗೆ ಕೊಟ್ಟು "ನೀರು ಕಾದಿದೆ, ಬಾ" ಅನ್ನುತ್ತೇನೆ. ಕೂತ ಮೇಲೆ ಚೊಂಬು ಅವಳ ಕೈಗೆ ಕೊಟ್ಟು, ಮೇಲೆ ನನ್ನ ಕೈ ಇಟ್ಟು, ಮೊದಲ ನೀರು ಪಾದಕ್ಕೆ. ತಲೆಗೆ ಸುರಿದರೆ ಬೆಚ್ಚಿಬೀಳುತ್ತಾಳೆ, ಆ ದಿನ ಸ್ನಾನ ಅಲ್ಲಿಗೆ ಮುಗಿಯಿತು. ಒಂದೆರಡು ಚೊಂಬು ಆದರೆ ಕೈ ತಾನೇ ನಡೆಯುತ್ತದೆ. ಮಾತು ಹೋದರೂ ಕೈಯ ರೂಢಿ ಇನ್ನೂ ಬಹಳ ಕಾಲ ಇರುತ್ತದೆ. ಒಪ್ಪದಿದ್ದರೆ ಅರ್ಧ ಗಂಟೆ ಬಿಟ್ಟು ಮತ್ತೆ.

"ರೀ, ಆಳುಗಳಿಗೆ ಬಟವಾಡೆ ಆಯ್ತಾ?" ಅನ್ನುವುದು ದಿನವಿಡೀ ಇರುವ ಪ್ರಶ್ನೆ. ತೋಟ ಮಗ ನೋಡ್ಕೊಳ್ತಿದ್ದಾನೆ ಅಂತ ತಿದ್ದಿದರೆ ಗಾಬರಿ. "ಆಯ್ತು ಕಣೇ, ಎಲ್ಲರಿಗೂ ಕೊಟ್ಟಾಯ್ತು" ಅಂದು ಹಳೇ ಲೆಕ್ಕದ ಪುಸ್ತಕ, ಪೆನ್ಸಿಲ್ ಕೊಟ್ಟರೆ ಗೀಚುತ್ತಾ ಕೂರುತ್ತಾಳೆ. ತೀರಿಹೋದ ಅಮ್ಮನನ್ನು ಕೇಳಿದಾಗ ಸಾವಿನ ಸುದ್ದಿ ಎತ್ತುವುದಿಲ್ಲ. ಎತ್ತಿದಷ್ಟು ಸಲವೂ ಅವಳಿಗೆ ಅದು ಹೊಸ ಸಾವು. "ನಿಮ್ಮಮ್ಮ ಕಡುಬಿಗೆ ಏನು ಪಲ್ಯ ಮಾಡ್ತಿದ್ರು?" ಅಂತ ಮಾತು ಅತ್ತ ತಿರುಗಿಸುತ್ತೇನೆ. ಇದು ಸುಳ್ಳಲ್ಲವಾ ಅಂತ ಕೇಳುವವರಿದ್ದಾರೆ. ಒಂದು ವಾರ ಜೊತೆಗಿದ್ದು ನೋಡಲಿ.

ಸಂಜೆ ಚಡಪಡಿಕೆ ಜಾಸ್ತಿ. ಮೂಡಿಗೆರೆ ಕಡೆ ಮಳೆಗಾಲದಲ್ಲಿ ನಾಲ್ಕಕ್ಕೇ ಮಬ್ಬು. ಅದಕ್ಕೆ ಮುಂಚೆಯೇ ಲೈಟ್ ಹಾಕಿ ಕಿಟಕಿಗೆ ಪರದೆ ಎಳೆಯಬೇಕು, ಇಲ್ಲದಿದ್ದರೆ ಗಾಜಿನಲ್ಲಿ ಕಾಣುವ ತನ್ನ ಮುಖವನ್ನೇ ಯಾರೋ ಬಂದರು ಅಂದುಕೊಳ್ಳುತ್ತಾಳೆ. ಕರೆಂಟು ನಂಬುವಂತಿಲ್ಲ, ಆ ಕೋಣೆಯ ಬಲ್ಬು ಇನ್ವರ್ಟರ್ ಲೈನಿನಲ್ಲಿರಲಿ.

ಒಂದೆರಡು ದಿನದಲ್ಲೇ ಗೊಂದಲ, ತೂಕಡಿಕೆ ಅಥವಾ ರೇಗಾಟ ದಿಢೀರ್ ಹೆಚ್ಚಿದರೆ ಮರೆವಿನ ಮೇಲೆ ಹಾಕಬೇಡಿ. ಮೂತ್ರದ ಸೋಂಕು, ಮಲಬದ್ಧತೆ, ನೀರು ಕುಡಿಯದಿರುವುದು ಇರಬಹುದು, ಅದೇ ದಿನ ಡಾಕ್ಟರಿಗೆ ತೋರಿಸಿ. ದಿಢೀರ್ ಮುಖ ಸೊಟ್ಟಗಾದರೆ, ಒಂದು ಕೈ ಬಿದ್ದುಹೋದರೆ ಅಥವಾ ಮಾತು ತೊದಲಿದರೆ, ಇವುಗಳಲ್ಲಿ ಒಂದೇ ಕಂಡರೂ ಪಾರ್ಶ್ವವಾಯು ಇರಬಹುದು, ತಕ್ಷಣ 108 ಆಂಬುಲೆನ್ಸ್. ಗುಗ್ಗೆ ಕಟ್ಟಿದರೂ ಮಾತು ಸರಿಯಾಗಿ ಕೇಳಿಸುವುದಿಲ್ಲ, ಕಿವಿಯನ್ನೂ ಪರೀಕ್ಷೆ ಮಾಡಿಸಿ.

ಬಂದ ನೆಂಟರಿಗೆ ಒಂದು ಚಟ: "ದೊಡ್ಡಮ್ಮ, ನಾನ್ಯಾರು ಹೇಳಿ ನೋಡೋಣ?" ಬಾಗಿಲಲ್ಲೇ ತಡೆದು, "ನಾನು ಆಲ್ದೂರಿನ ನಿಮ್ಮ ತಂಗಿ ಮಗ" ಅಂತ ತಾವೇ ಹೇಳಲು ತಿಳಿಸುತ್ತೇನೆ. ಡಾಕ್ಟರ ಮುಂದೆಯೂ ಅವಳು ಕೂತಿರುವಾಗ ಅವಳ ಕುಂದು ಎಣಿಸುವುದಿಲ್ಲ. ನಿದ್ದೆ, ಊಟ, ಬಿದ್ದದ್ದು, ಹೊಸ ವರಸೆ ಎಲ್ಲ ಚೀಟಿಯಲ್ಲಿ ಬರೆದು ಒಳಗೆ ಹೋಗುವ ಮುಂಚೆ ನರ್ಸ್ ಕೈಗೆ ಕೊಟ್ಟಿರುತ್ತೇನೆ.