ಕೋಳಿ ಅಡ್ರಿನಲ್‌ನಲ್ಲಿ ಕೊನೆಗೂ ಕಂದು ಬಣ್ಣ ಬಂತು

"ಹೆಮಟಾಕ್ಸಿಲಿನ್-ಇಯೋಸಿನ್ ಹಾಕಿದ್ರೆ ಸಾಕು, ಸುಮ್ನೆ ಯಾಕೆ ಒದ್ದಾಡ್ತೀಯ?" ಅಂತ ಲ್ಯಾಬಿನಲ್ಲಿ ಎಲ್ಲರೂ ಅಂದಿದ್ದರು. ಅದು ಸ್ಲೈಡಿಗೆ ಹಾಕುವ ಮಾಮೂಲಿ ಬಣ್ಣ. ನಾನು ಒದ್ದಾಡುತ್ತಿದ್ದದ್ದು ಕೋಳಿಯ ಅಡ್ರಿನಲ್‌ಗೆ, ಅಂದರೆ ಕಿಡ್ನಿ ಪಕ್ಕದ ಹಾರ್ಮೋನ್ ಗ್ರಂಥಿಗೆ, ಬೇರೆ ಥರ ಬಣ್ಣ ಬರಿಸಲು. ಈಗ ಅವರೇ ಪಾಠಕ್ಕೆ ನನ್ನ ಸ್ಲೈಡ್ ಕೇಳಿ ಒಯ್ಯುತ್ತಾರೆ.

ಕೋಳಿಯಲ್ಲಿ ದನ, ನಾಯಿಯ ಹಾಗೆ ಹೊರಗೆ ಕಾರ್ಟೆಕ್ಸ್ ಅನ್ನೋ ಪದರ, ಒಳಗೆ ಮೆಡುಲ್ಲಾ ಅನ್ನೋ ತಿರುಳು ಅಂತ ಬೇರೆ ಬೇರೆಯಾಗಿ ಇಲ್ಲ ಅಲ್ವಾ, ಎರಡೂ ಕಲಸಿಕೊಂಡಿರುತ್ತವೆ. ಮೆಡುಲ್ಲಾದ ಕ್ರೋಮಾಫಿನ್ ಕೋಶಗಳನ್ನು (ಅಡ್ರಿನಲಿನ್ ಮಾಡುವ ಇವು ಡೈಕ್ರೋಮೇಟ್ ತಾಗಿದರೆ ಕಂದಾಗುತ್ತವೆ) ಬಣ್ಣದಲ್ಲೇ ಬೇರೆ ಮಾಡಿ ತೋರಿಸಬೇಕು ಅನ್ನೋದು ನನ್ನ ಹಟವಾಗಿತ್ತು.

ಮೊದಲ ಸಲ ಎಂಟು ಕೋಳಿ ಹಾಳಾದವು. ಅಂಗಡಿಯಿಂದ ಐಸ್‌ನಲ್ಲಿಟ್ಟು ತರುವಷ್ಟರಲ್ಲಿ ಎರಡು ಗಂಟೆ ಆಗಿತ್ತು, ಕೋಶಗಳು ಕೊಳೆಯಲು ಶುರುವಾಗಿದ್ದವು. ಕೈಯಿಂದಲೇ ಎರಡು ಸಾವಿರ ಹೋಯಿತು. ಎರಡನೇ ಸಲ ಕೋಶ ಕೆಡದಂತೆ ಹಿಡಿದಿಡಲು ಅಸಿಟಿಕ್ ಆಸಿಡ್ ಇರುವ ಜೆಂಕರ್ ದ್ರಾವಣ ಬಳಸಿದೆ. ಆಸಿಡ್ ಇದ್ದರೆ ಕಂದು ಬಣ್ಣ ಹಿಡಿಯೋದಿಲ್ಲ, ಅದು ಗೊತ್ತಾಗಲು ಇನ್ನೊಂದು ತಿಂಗಳು ಬೇಕಾಯಿತು. ಮೂರನೇ ಸಲ ಆತುರ. ಸರಿಯಾಗಿ ತೊಳೆಯದೆ ಆಲ್ಕೋಹಾಲ್‌ಗೆ ಹಾಕಿದೆ, ಸೆಕ್ಷನ್ (ಸ್ಲೈಡಿಗೆ ಕತ್ತರಿಸಿದ ತೆಳು ಹೋಳು) ತುಂಬ ಕ್ರೋಮಿಯಂ ಕೊಳೆ ಕೂತಿತು.

ಆಮೇಲೆ ಗ್ರಂಥಿಯನ್ನು ಲ್ಯಾಬಿಗೆ ತರುವುದು ಬಿಟ್ಟು, ದ್ರಾವಣವನ್ನೇ ಅಂಗಡಿಗೆ ಒಯ್ದೆ. ಪೊಟ್ಯಾಷಿಯಂ ಡೈಕ್ರೋಮೇಟ್ ದ್ರಾವಣಕ್ಕೆ ಫಾರ್ಮಲಿನ್ ಅಲ್ಲೇ ಬೆರೆಸಿದೆ, 100 ಮಿಲಿಗೆ ಸುಮಾರು 10 ಮಿಲಿ. ಕಿಡ್ನಿಯ ಮುಂದಿನ ತುದಿಯ ಹಳದಿ ಗ್ರಂಥಿಗಳಲ್ಲಿ ಬಲಗಡೆಯದನ್ನೇ ತೆಗೆಯುತ್ತೇನೆ. ಎಡಗಡೆಯದು ಅಂಡಾಶಯಕ್ಕೆ ಅಂಟಿಕೊಂಡಿರುತ್ತದೆ, ಬಿಡಿಸುವಾಗ ಹಿಸುಕಿ ಹೋಗುತ್ತದೆ. ಎರಡು ಮಿ.ಮೀ. ಚೂರು ಮಾಡಿ ಒಂದೂವರೆ ದಿನ ಇಟ್ಟು, ರಾತ್ರಿಯೆಲ್ಲ ನಲ್ಲಿ ನೀರಲ್ಲಿ ತೊಳೆದೆ. ದ್ರಾವಣದ ಪಿಎಚ್ ಹೇಗೆ ಸರಿ ಮಾಡುತ್ತೇನೆ ಅನ್ನೋದು ಸದ್ಯಕ್ಕೆ ನನ್ನಲ್ಲೇ ಇರಲಿ. ಗ್ಲೌಸ್ ಇಲ್ಲದೆ ಡೈಕ್ರೋಮೇಟ್ ಮುಟ್ಟಬೇಡಿ, ಅದು ಕ್ಯಾನ್ಸರ್ ತರುವ ವಸ್ತು. ಉಳಿದದ್ದನ್ನು ಸಿಂಕಿಗೂ ಸುರಿಯಬೇಡಿ.

ಮೊದಲ ಸ್ಲೈಡನ್ನು ಯಾವ ಬಣ್ಣವನ್ನೂ ಹಾಕದೆ ನೋಡಿದೆ. ಇಂಟರ್‌ರೀನಲ್ ಕೋಶಗಳ (ಕೋಳಿಯಲ್ಲಿ ಕಾರ್ಟೆಕ್ಸ್‌ಗೆ ಸಮನಾದವು) ಸಾಲುಗಳು ಮಸುಕಾಗಿ, ನೊರೆಯ ಹಾಗೆ. ಅವುಗಳ ಸಂದಿಯಲ್ಲಿ, ರಕ್ತ ಹರಿಯುವ ಸಣ್ಣ ದಾರಿಗಳ ಪಕ್ಕ, ಬೆಲ್ಲದ ಬಣ್ಣದ ಗುಂಪುಗಳು. 40ರ ಲೆನ್ಸ್‌ಗೆ ಬಂದಾಗ ಒಂದೊಂದು ಕೋಶದೊಳಗೂ ಸಣ್ಣ ರವೆಯಂಥ ಕಂದು ಕಣಗಳು ಕಂಡವು. ಅರ್ಧ ಗಂಟೆ ಕುರ್ಚಿ ಬಿಟ್ಟು ಏಳಲಿಲ್ಲ.

ಆ ನೊರೆ ಕೊಬ್ಬು ಕರಗಿ ಹೋದ ಜಾಗ ಅಂತ ಪಕ್ಕಾ ಮಾಡಿಕೊಳ್ಳಲು ಇನ್ನೊಂದು ಗ್ರಂಥಿಯ ಫ್ರೋಜನ್ ಸೆಕ್ಷನ್ ಮಾಡಿ (ಹೆಪ್ಪುಗಟ್ಟಿಸಿ ಕತ್ತರಿಸಿ), ಕೊಬ್ಬಿಗೆ ಕೆಂಪು ಹಿಡಿಸುವ ಆಯಿಲ್ ರೆಡ್ ಓ ಹಾಕಿದೆ. ಅದೇ ಸಾಲುಗಳು ಕೆಂಪಗೆ ತುಂಬಿಕೊಂಡವು, ಕ್ರೋಮಾಫಿನ್ ಗುಂಪುಗಳು ಖಾಲಿ ಉಳಿದವು. ಗ್ರಂಥಿಯ ಹೊರಪೊರೆಯ ಕೆಳಗಿನ ಸಾಲುಗಳು ಒಳಗಿನವಕ್ಕಿಂತ ಬೇರೆ ಥರ ಕಾಣುತ್ತವೆ, ಅದನ್ನು ಇನ್ನೂ ನೋಡಬೇಕು. ಮೊನ್ನೆ ಐನೂರು ಕೊಟ್ಟು ಒಂದು ಬಾತುಕೋಳಿಯನ್ನೂ ತಂದೆ. ಅದರ ಗ್ರಂಥಿ ಈಗ ನಲ್ಲಿ ಕೆಳಗೆ ತೊಳೆಯುತ್ತಿದೆ.