ಹಳೆಯ ಪೆಟ್ಟಿಗೆಯಲ್ಲಿ ಬಂದೂಕಿನ ತೋಟೆ ಸಿಕ್ಕರೆ ಏನು ಮಾಡಬೇಕು?

ಹಿರಿಯರ ಪೆಟ್ಟಿಗೆಯನ್ನು ಖಾಲಿ ಮಾಡುವಾಗ, ತಳದಲ್ಲಿದ್ದ ತುಕ್ಕು ಡಬ್ಬಿಯೊಳಗೆ ಕಿಲುಬು ಕಟ್ಟಿದ ನಾಲ್ಕು ತೋಟೆಗಳು ಸಿಕ್ಕವು ಎನ್ನಿ. ಎತ್ತಿ ಬೆಳಕಿಗೆ ಹಿಡಿದು ನೋಡುವ ಆಸೆ ಯಾರಿಗಾದರೂ ಆಗುತ್ತದೆ. ಬೇಡ. ಡಬ್ಬಿ ಇದ್ದಲ್ಲೇ ಇರಲಿ. ಮಕ್ಕಳನ್ನು ಹೊರಗೆ ಕಳುಹಿಸಿ ಕೋಣೆಯ ಬಾಗಿಲು ಹಾಕಿ.

ಇಷ್ಟು ಹಳತಾದ ಮೇಲೆ ಇನ್ನೇನು ಸಿಡಿದೀತು ಎಂದುಕೊಳ್ಳಬೇಡಿ. ಒಣ ಜಾಗದಲ್ಲಿದ್ದ ತೋಟೆ ಹಲವು ದಶಕಗಳ ನಂತರವೂ ಸಿಡಿಯಬಲ್ಲದು. ಅದರ ಬುಡದ ನಡುವೆ ಅಂಗಿಯ ಗುಂಡಿಗಿಂತ ಚಿಕ್ಕದೊಂದು ಬಿಲ್ಲೆ ಇರುತ್ತದೆ. ಅದೇ ಪ್ರೈಮರ್. ಪೆಟ್ಟು ಬಿದ್ದರೆ ಮೊದಲು ಹೊತ್ತಿಕೊಂಡು ಒಳಗಿನ ಮದ್ದಿಗೆ ಕಿಡಿ ಮುಟ್ಟಿಸುವುದು ಅದು. ಪಾಯಿಂಟ್ 22 ಇಂಚು ಅಡ್ಡಳತೆಯ ಸಣ್ಣ ತೋಟೆಗಳಲ್ಲಿ ಈ ಬಿಲ್ಲೆಯೇ ಕಾಣಿಸುವುದಿಲ್ಲ. ಪೆಟ್ಟು ಬಿದ್ದರೆ ಹೊತ್ತಿಕೊಳ್ಳುವ ಮಸಾಲೆ ಬುಡದ ಅಂಚಿನೊಳಗೇ ಅಡಗಿರುತ್ತದೆ. ಆದ್ದರಿಂದ ಕಿಲುಬು ಉಜ್ಜುವುದು, ಇಕ್ಕಳದಿಂದ ಗುಂಡು ಕೀಳುವುದು ಯಾವುದೂ ಸಲ್ಲದು.

ಮನೆಮದ್ದುಗಳಿಗೂ ಕೊರತೆಯಿಲ್ಲ. ನೀರಿನಲ್ಲೋ ಎಣ್ಣೆಯಲ್ಲೋ ನೆನೆಹಾಕಿದರೆ ಕೆಡುತ್ತದೆ ಎನ್ನುತ್ತಾರೆ. ಆದರೆ ಬಹಳಷ್ಟು ತೋಟೆಗಳ ಸಂದುಗಳಿಗೆ ತೇವ ಇಳಿಯದಂತೆ ಅರಗು ಬಳಿದಿರುತ್ತಾರೆ. ಒಳಗೆ ನೀರು ಇಳಿದರೂ ಒಣಗಿದ ಮೇಲೆ ಮದ್ದು ಮತ್ತೆ ಹೊತ್ತಬಹುದು. ಬೆಂಕಿಗೆ ಹಾಕುವುದು ಇನ್ನೂ ಕೆಟ್ಟದ್ದು. ನಳಿಗೆಯಿಲ್ಲದ ಕಾರಣ ಗುಂಡು ದೂರ ಹೋಗದಿದ್ದರೂ ಹಿತ್ತಾಳೆಯ ಕೊಳವೆ ಹರಿದು ಚೂರುಗಳು ಕಣ್ಣಿಗೆ ಹಾರುತ್ತವೆ. ಕಸಕ್ಕೆ ಎಸೆದರೆ ಅದನ್ನು ಒತ್ತುವ ಲಾರಿಯ ಬಳಿ ನಿಂತವರಿಗೆ ಅಪಾಯ. ಹೂತರೆ ಮಣ್ಣಿಗೆ ಸೀಸ, ಮುಂದೆಂದೋ ಅಗೆದವನ ಕೈಗೆ ತೋಟೆ.

ಮಾಡಬೇಕಾದದ್ದು ಒಂದೇ: ಪೊಲೀಸರಿಗೆ ಫೋನ್ ಮಾಡುವುದು. ಎಲ್ಲಿ ಸಿಕ್ಕಿತು, ಸುಮಾರು ಎಷ್ಟಿವೆ, ಮುಟ್ಟಿದ್ದೀರೋ ಇಲ್ಲವೋ, ಎಲ್ಲವನ್ನೂ ಇದ್ದಂತೆ ಹೇಳಿ. ಚೀಲಕ್ಕೆ ಹಾಕಿಕೊಂಡು ನೀವೇ ಠಾಣೆಗೆ ಹೊರಡಬೇಡಿ. ದಾರಿಯಲ್ಲಿ ತಪಾಸಣೆಗೆ ಸಿಕ್ಕರೆ ನಿಮ್ಮ ಒಳ್ಳೆಯತನವನ್ನು ಸಾಬೀತು ಮಾಡುವುದೇ ದೊಡ್ಡ ಕೆಲಸವಾಗುತ್ತದೆ. ತರಲು ಅವರೇ ಹೇಳಿದರೆ, ಹೇಗೆ ತರಬೇಕೆಂದು ಕೇಳಿ ಅದರಂತೆ ನಡೆಯಿರಿ. ಒಪ್ಪಿಸಿದ ಮೇಲೆ ಸ್ವೀಕೃತಿ ಪತ್ರವನ್ನು ಕೇಳಿ ಪಡೆಯಿರಿ.

ಸಿಕ್ಕಿದ್ದು ಗ್ರೆನೇಡ್ ಅಥವಾ ಫಿರಂಗಿಯ ಷೆಲ್ ಆಗಿದ್ದರೆ ಈ ನಿಧಾನವೂ ಸಲ್ಲದು. ಯುದ್ಧದ ನೆನಪಿಗೆಂದು ಯಾರೋ ತಂದು ಶೋಕೇಸಿನಲ್ಲಿಟ್ಟದ್ದು ಟೊಳ್ಳೋ ಅಲ್ಲವೋ ನೋಡಿ ಹೇಳಲಾಗದು. ಮೊದಲನೆಯ ಮಹಾಯುದ್ಧದ ಷೆಲ್‌ಗಳು ಫ್ರಾನ್ಸ್, ಬೆಲ್ಜಿಯಂನ ಹೊಲಗಳಲ್ಲಿ ಇಂದಿಗೂ ಉಳುವವರಿಗೆ ಸಿಗುತ್ತಿವೆ, ಕೆಲವು ಸಿಡಿಯುತ್ತಲೂ ಇವೆ. ಎಲ್ಲರನ್ನೂ ಮನೆಯಿಂದ ಹೊರಗೆ ಕರೆತನ್ನಿ, ದೂರ ಹೋದ ಮೇಲೆ ಫೋನ್ ಮಾಡಿ. ಉಳಿದದ್ದು ಬಾಂಬ್ ನಿಷ್ಕ್ರಿಯ ದಳದ ಕೆಲಸ.

ಡಬ್ಬಿಯನ್ನು ಮುಟ್ಟಿದ್ದರೆ ಸೋಪು ಹಚ್ಚಿ ಕೈ ತೊಳೆಯಿರಿ. ಸೀಸದ ಪುಡಿ ಕಣ್ಣಿಗೆ ಕಾಣುವುದಿಲ್ಲ. ಹಿರಿಯರ ಹಳೆಯ ಕೋಟಿನ ಜೇಬು, ಬೇಟೆಯ ಚೀಲಗಳನ್ನೂ ಪೊಲೀಸರು ಬಂದಾಗಲೇ ತೋರಿಸಿಬಿಡಿ. ಅಂಥ ಚೀಲದ ಮೂಲೆಯಲ್ಲಿ ಉಳಿದ ಒಂದೇ ಒಂದು ತೋಟೆ ವಿಮಾನ ನಿಲ್ದಾಣದ ಎಕ್ಸ್‌-ರೇ ಪರದೆಯ ಮೇಲೆ ಮೊದಲ ಬಾರಿ ಕಾಣಿಸಿಕೊಂಡರೆ, ಆ ದಿನ ವಿಮಾನ ತಪ್ಪಿದಂತೆಯೇ.